ನರ್ಸಮ್ಮ ಹೆರಿಗೆಗೆ ಮಾತ್ರವೇ?

ತಾಯಿ ಮಗಳನ್ನು ಆರೋಗ್ಯ ಉಪಕೇಂದ್ರಕ್ಕೆ ಕರೆತಂದಳು. ಮಗಳಿಗೆ 15 ವರ್ಷ. ಮುಖ ಬಿಳಿಚಿತ್ತು.

"ಇವಳಿಗೆ ಯಾವಾಗಲೂ ಸುಸ್ತು, ತಲೆಸುತ್ತು. ನೀವು ಹೆರಿಗೆ ನೋಡೋರು. ನಿಮ್ಮನ್ನ ಕೇಳಬಹುದಾ ನರ್ಸಮ್ಮ?"

"ಕೇಳಬಹುದು ಕಣಮ್ಮ. ಬೆಳೆಯೋ ಹುಡುಗೀರ ಆರೋಗ್ಯ ನೋಡೋದೂ ನನ್ನ ಕೆಲಸ."

ನರ್ಸಮ್ಮ ಬೆರಳಿನಿಂದ ಹನಿ ರಕ್ತ ತೆಗೆದು ಪರೀಕ್ಷೆ ಮಾಡಿದರು.

"ಇವಳ ವಯಸ್ಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಇವಳಿಗೆ 9 ಇದೆ. ಇದು ರಕ್ತಹೀನತೆ. ಕಬ್ಬಿಣದ ಮಾತ್ರೆ ಕೊಡ್ತೀನಿ. ಊಟ ಆದ ಮೇಲೆ ನುಂಗಬೇಕು. ಜೊತೆಗೆ ಕಾಫಿ, ಟೀ ಬೇಡ. ಮಲ ಕಪ್ಪಗಾದ್ರೆ ಹೆದರಬೇಡಿ. ಸೊಪ್ಪು, ಕಾಳು ತಿನ್ನಲಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋದ್ರೆ ಡಾಕ್ಟರಿಗೆ ತೋರಿಸೋಣ."

ತಾಯಿ ಮೆಲ್ಲಗೆ ಹೇಳಿದಳು: "ಈ ಬೇಸಿಗೇಲಿ ಮದುವೆ ಮಾಡೋಣ ಅಂತಾರೆ ಇವರಪ್ಪ."

"ಬೇಡಮ್ಮ. 18 ತುಂಬೋ ಮೊದಲು ಮದುವೆ ಮಾಡೋದು ಅಪರಾಧ. ಇವಳ ಮೈ ಇನ್ನೂ ಬೆಳೀತಿದೆ. ಈಗಲೇ ಬಸುರಾದ್ರೆ ಇವಳಿಗೂ ಅಪಾಯ, ಮಗೂಗೂ ಅಪಾಯ. ಇವರಪ್ಪನ ಹತ್ರ ನಾನೇ ಮಾತಾಡ್ತೀನಿ."

ಹುಡುಗಿ ಏನೋ ಕೇಳಲು ನಾಚಿದಳು. ನರ್ಸಮ್ಮ ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದರು. ಹುಡುಗಿ ಮನಸ್ಸು ಬಿಚ್ಚಿ ಕೇಳಿದಳು. ಆ ಮಾತು ನರ್ಸಮ್ಮನ ಹತ್ತಿರವೇ ಉಳಿಯಿತು.

ನೆನಪಿಡಿ
ಮುಟ್ಟು ಕಾಯಿಲೆಯಲ್ಲ. ಅದರ ಬಗ್ಗೆ ಕೇಳಲು ನಾಚಿಕೆ ಬೇಡ.
ಬಟ್ಟೆ ಬಳಸಿದರೆ ಸೋಪು ಹಾಕಿ ಒಗೆಯಿರಿ. ಬಿಸಿಲಿನಲ್ಲಿ ಒಣಗಿಸಿ.
ಬಾಲ್ಯವಿವಾಹ ತಡೆಯಲು 1098ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ.

ಮಾತಾಡೋಣ, ಬರೆಯೋಣ
1. ಹುಡುಗಿಗೆ ಸುಸ್ತು ಯಾಕೆ ಆಗುತ್ತಿತ್ತು?
2. ನರ್ಸಮ್ಮ ತಾಯಿಯನ್ನು ಹೊರಗೆ ಯಾಕೆ ಕೂರಿಸಿದರು?
3. ನಿಮ್ಮ ಊರಿಗೆ ನರ್ಸಮ್ಮ ಯಾವ ದಿನ ಬರುತ್ತಾರೆ? ಬರೆಯಿರಿ.