ಹೂಳು: ಲೆಕ್ಕಕ್ಕೆ ಬಾರದ ಸವಕಳಿ

ಯಂತ್ರ ಸವೆಯುತ್ತದೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದ್ದರಿಂದಲೇ ವರ್ಷಾಂತ್ಯದಲ್ಲಿ ಅದರ ಬೆಲೆಯ ಒಂದು ಭಾಗವನ್ನು ಸವಕಳಿಯೆಂದು ಕಳೆದು, ಉಳಿದುದನ್ನು ಅಡಾವೆ ಪತ್ರಿಕೆಯಲ್ಲಿ ತೋರಿಸುತ್ತೇವೆ. ಆದರೆ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ವ್ಯಾಪಾರ ಹಾಗೂ ಉದ್ದಿಮೆಗಳು ಆಶ್ರಯಿಸಿರುವ ಅತಿ ದೊಡ್ಡ ಆಸ್ತಿಯು ನಮ್ಮಲ್ಲಿ ಯಾರ ಪುಸ್ತಕದಲ್ಲಿಯೂ ಇಲ್ಲ. ಅದು ಘಟಪ್ರಭೆಯ ನೀರಿನ ಸಂಗ್ರಹ. ಆ ಆಸ್ತಿಗೂ ಸವಕಳಿ ಇದೆ. ಅದರ ಹೆಸರು ಹೂಳು. ಅದನ್ನು ವರ್ಷವರ್ಷವೂ ಬರೆದಿಡದೆ ಹೋದರೆ ಆಗುವ ನಷ್ಟವೇನು ಎಂಬುದನ್ನು ಲೆಕ್ಕಿಗನ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ನಮ್ಮ ಆಸ್ತಿ ಯಾವುದು?

ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿರುವ ರಾಜಾ ಲಖಮಗೌಡ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 51 ಟಿಎಂಸಿ. ಅದರ ಕೆಳಗೆ, ಹಿರಣ್ಯಕೇಶಿಯು ಘಟಪ್ರಭೆಯನ್ನು ಕೂಡಿದ ನಂತರ, ಬ್ರಿಟಿಷರ ಕಾಲದ ಧೂಪದಾಳ ಒಡ್ಡು ಇದೆ. ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದಲೇ. ಮೂಡಲಗಿ ಭಾಗದ ಕಬ್ಬು, ಗೋವಿನಜೋಳ, ಅರಿಷಿಣ ಬೆಳೆಗಳಿಗೆ ಆಧಾರವೂ ಇದೇ ನೀರು. 1885ರಲ್ಲಿ ಸ್ಥಾಪನೆಗೊಂಡ ಗೋಕಾಕ ಗಿರಣಿಯ ಸಂಸ್ಥೆಯು ತನ್ನ ಹೆಸರಿನಲ್ಲಿಯೇ ಜಲಶಕ್ತಿಯನ್ನು ಸೇರಿಸಿಕೊಂಡಿತ್ತು ಎಂಬುದು ನಮ್ಮ ಉದ್ದಿಮೆಗೂ ಈ ನದಿಗೂ ಇರುವ ಹಳೆಯ ನಂಟನ್ನು ತೋರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಜಲಾಶಯದ ಸಾಮರ್ಥ್ಯ ಎಂದಾಗ ಇಂದಿಗೂ ಸಾಮಾನ್ಯವಾಗಿ 51 ಟಿಎಂಸಿ ಎಂಬ ಅಂಕಿಯನ್ನೇ ಹೇಳಲಾಗುತ್ತದೆ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಇದು ಖರೀದಿಯ ಮೂಲ ಬೆಲೆ. ಸವಕಳಿ ಕಳೆದ ನಿವ್ವಳ ಮೌಲ್ಯವಲ್ಲ. ಹತ್ತಾರು ವರ್ಷ ಹಳೆಯದಾದ ಯಂತ್ರವನ್ನು ಮೂಲ ಬೆಲೆಯಲ್ಲಿಯೇ ತೋರಿಸುವ ವರ್ತಕನಿಗೆ ಯಾವ ಬ್ಯಾಂಕೂ ಸಾಲ ಕೊಡಲಾರದು.

ಹೂಳು ತುಂಬುವ ಬಗೆ

ಹರಿಯುವ ನೀರು ಮಣ್ಣನ್ನು ಹೊತ್ತು ತರುತ್ತದೆ. ನಿಂತ ಕೂಡಲೇ ಅದನ್ನು ಇಳಿಸುತ್ತದೆ. ದಪ್ಪ ಮರಳು ಜಲಾಶಯದ ಬಾಯಿಯಲ್ಲಿಯೇ ಉಳಿದರೆ, ನವಿರಾದ ರೇವೆ ಅಣೆಕಟ್ಟಿನವರೆಗೂ ಸಾಗುತ್ತದೆ. ಜಲಾಶಯದ ತಳದ ಮೃತ ಸಂಗ್ರಹದಲ್ಲಿ ಹೂಳು ನಿಲ್ಲುತ್ತದೆ ಎಂಬುದು ಹಳೆಯ ಯೋಜಕರ ಎಣಿಕೆಯಾಗಿತ್ತು. ವಾಸ್ತವದಲ್ಲಿ ಅದರ ಗಣನೀಯ ಭಾಗವು ಮೇಲಿನ ಬಳಕೆಯ ಸಂಗ್ರಹವನ್ನೇ ಕಬಳಿಸುತ್ತದೆ. ಅಂದರೆ ಹೂಳು ತಿನ್ನುವುದು ನಮ್ಮ ಇಡುಗಂಟನ್ನಷ್ಟೇ ಅಲ್ಲ, ದುಡಿಯುವ ಬಂಡವಾಳವನ್ನೂ ತಿನ್ನುತ್ತದೆ.

ನಮ್ಮ ರಾಜ್ಯದ ತುಂಗಭದ್ರಾ ಜಲಾಶಯವೇ ಇದಕ್ಕೆ ಉದಾಹರಣೆ. ಸುಮಾರು 133 ಟಿಎಂಸಿ ಇದ್ದ ಅದರ ಸಾಮರ್ಥ್ಯವು 2016ರ ಸಮೀಕ್ಷೆಯಲ್ಲಿ ಸುಮಾರು 105.79 ಟಿಎಂಸಿಗೆ ಇಳಿದಿತ್ತು. 27 ಟಿಎಂಸಿಗೂ ಹೆಚ್ಚಿನ ಈ ನಷ್ಟ ಹಿಡಕಲ್ ಜಲಾಶಯದ ಮೂಲ ಸಾಮರ್ಥ್ಯದ ಅರ್ಧಕ್ಕಿಂತ ಅಧಿಕ.

ಬಂದರುಗಳಿಂದ ಕಲಿಯುವ ಪಾಠ

ಹೂಳನ್ನು ವಾರ್ಷಿಕ ವೆಚ್ಚವೆಂದು ಒಪ್ಪಿಕೊಂಡಿರುವ ಕ್ಷೇತ್ರವೊಂದಿದೆ, ಅದು ಬಂದರು. ನವಮಂಗಳೂರು ಬಂದರಿನಲ್ಲಿ ಮಳೆಗಾಲ ಕಳೆದೊಡನೆ ಹಡಗಿನ ಮಾರ್ಗದ ಹೂಳೆತ್ತುವುದು ನಿಯತ ನಿರ್ವಹಣೆಯ ಭಾಗ. ಮಾರ್ಗದ ಆಳ ಕಡಿಮೆಯಾದರೆ ದೊಡ್ಡ ಹಡಗು ಬಾರದು, ಬಾರದಿದ್ದರೆ ಆದಾಯವಿಲ್ಲ ಎಂಬುದು ಅಲ್ಲಿ ಸ್ಪಷ್ಟ. ಆದರೆ ಗಂಗೊಳ್ಳಿ, ಹೊನ್ನಾವರಗಳಂಥ ಸಣ್ಣ ಬಂದರುಗಳ ಅಳಿವೆಗಳಲ್ಲಿ ಹೂಳೆತ್ತಬೇಕೆಂಬ ಬೇಡಿಕೆ ಮತ್ತೆ ಮತ್ತೆ ಕೇಳಿಬಂದಿದೆ. ಅಲ್ಲಿಯ ದೋಣಿಗಳು ಭರತವನ್ನು ಕಾಯಬೇಕಾಗುತ್ತದೆ. ಸಮುದ್ರ ಒಂದೇ, ಮರಳೂ ಒಂದೇ. ವ್ಯತ್ಯಾಸವಿರುವುದು ವೆಚ್ಚವನ್ನು ಪ್ರತಿವರ್ಷದ ಲೆಕ್ಕದಲ್ಲಿ ಸೇರಿಸಿದ್ದರಲ್ಲಿ ಮತ್ತು ಸೇರಿಸದಿದ್ದರಲ್ಲಿ.

ಬಾಕಿ ಬಿಟ್ಟ ಹೂಳಿನ ಬೆಲೆ

ಈಗ ಅಂಕಿಗಳನ್ನು ನೋಡೋಣ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗಳಲ್ಲಿ ಅಷ್ಟು ಹೂಳನ್ನು ಸಾಗಿಸಲು 28.3 ಲಕ್ಷ ಸರದಿಗಳು ಬೇಕು. ದಿನಕ್ಕೆ 500 ಸರದಿ ನಡೆದರೂ 5,660 ದಿನಗಳು. ನೀರು ಇಳಿದಿರುವ ಅವಧಿಯಲ್ಲಿ ವರ್ಷಕ್ಕೆ 200 ದಿನ ಕೆಲಸ ನಡೆಯುವುದೆಂದು ಧಾರಾಳವಾಗಿ ಹಿಡಿದರೂ 28 ವರ್ಷಗಳು! ಘನ ಮೀಟರಿಗೆ ಕೇವಲ 100 ರೂಪಾಯಿ ಎಂದು ಊಹಿಸಿಕೊಂಡರೆ ವೆಚ್ಚ 283 ಕೋಟಿ ರೂಪಾಯಿ. ಅಷ್ಟರಲ್ಲಿ ಹೊಸ ಹೂಳು ಬರುತ್ತಲೇ ಇರುತ್ತದೆ.

ಇದರಿಂದ ತಿಳಿಯುವುದೇನೆಂದರೆ, ದೊಡ್ಡ ಜಲಾಶಯದ ಹೂಳನ್ನು ಕೂಡಿಹಾಕಿ ಒಮ್ಮೆಲೇ ತೆಗೆಯುತ್ತೇವೆ ಎಂಬುದು ಭ್ರಮೆ. ಸಾಧ್ಯವಿರುವುದು ಮೂರು: ಜಲಾನಯನ ಪ್ರದೇಶದಲ್ಲಿಯೇ ಮಣ್ಣನ್ನು ತಡೆಯುವುದು, ಪ್ರವಾಹದ ನೀರಿನೊಡನೆ ಹೂಳನ್ನು ತೂಬುಗಳಿಂದ ಹೊರದೂಡುವುದು, ಮತ್ತು ಒಡ್ಡು, ಕಾಲುವೆ, ಕೆರೆಗಳಂಥ ಚಿಕ್ಕ ಸ್ಥಳಗಳಲ್ಲಿ ಪ್ರತಿವರ್ಷ ಹೂಳು ತೆಗೆಯುವುದು. ನೆರೆಯ ಮಹಾರಾಷ್ಟ್ರವು 2017ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಕೆರೆ-ಜಲಾಶಯಗಳ ಫಲವತ್ತಾದ ಹೂಳು ರೈತರ ಹೊಲ ಸೇರುವ ವ್ಯವಸ್ಥೆಯಿದೆ. ಒಬ್ಬರ ಕಸ ಇನ್ನೊಬ್ಬರ ಗೊಬ್ಬರವಾದಾಗ ವೆಚ್ಚದ ಭಾರ ತಗ್ಗುತ್ತದೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ಪೇಟೆಯೊಳಗೆ ನೀರು ನುಗ್ಗಿದ್ದನ್ನು, ಲೋಳಸೂರ ಸೇತುವೆ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಆ ಪ್ರವಾಹಕ್ಕೆ ಮುಖ್ಯ ಕಾರಣ ಅತಿವೃಷ್ಟಿ. ಹೂಳೊಂದನ್ನೇ ದೂರುವುದು ಸರಿಯಲ್ಲ. ಆದರೆ ಸಂಗ್ರಹದ ಜಾಗ ಕಿರಿದಾದಷ್ಟೂ ಮಳೆಗಾಲದಲ್ಲಿ ನೀರನ್ನು ಬೇಗ ಬಿಡಬೇಕಾಗುತ್ತದೆ, ಬೇಸಿಗೆಯಲ್ಲಿ ಬೇಗ ಬರಿದಾಗುತ್ತದೆ. ವರ್ತಕನಿಗೆ ಎರಡು ಕಡೆಯಿಂದಲೂ ನಷ್ಟ.

ಸದಸ್ಯರು ತಮ್ಮ ಪುಸ್ತಕದಲ್ಲಿ ಮಾಡಬೇಕಾದುದು

ಅನೇಕ ಕಾರ್ಖಾನೆಗಳಿಗೆ ಸ್ವಂತ ನೀರಿನ ಹೊಂಡ ಅಥವಾ ತಿಳಿತೊಟ್ಟಿ ಇರುತ್ತದೆ. ಉದಾಹರಣೆಗೆ, 20 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಹೊಂಡದಲ್ಲಿ ವರ್ಷಕ್ಕೆ 15 ಸೆಂಟಿಮೀಟರ್ ಹೂಳು ನಿಂತರೆ ಅದು 30 ಘನ ಮೀಟರ್. ಘನ ಮೀಟರಿಗೆ 300 ರೂಪಾಯಿಯಂತೆ ವಾರ್ಷಿಕ ವೆಚ್ಚ 9,000 ರೂಪಾಯಿ. ಹತ್ತು ವರ್ಷ ಬಿಟ್ಟರೆ ಹೊಂಡದ ಅರ್ಧ ಭಾಗ ಹೋಗುತ್ತದೆ. ವೆಚ್ಚವು 90,000 ರೂಪಾಯಿಗೆ ನಿಲ್ಲುವುದೂ ಇಲ್ಲ; ಗಟ್ಟಿಯಾದ ಮಣ್ಣಿಗೆ ದೊಡ್ಡ ಯಂತ್ರ ಬೇಕು, ಕೆಲಸ ಮುಗಿಯುವವರೆಗೆ ಉತ್ಪಾದನೆಯನ್ನೂ ನಿಲ್ಲಿಸಬೇಕಾಗಬಹುದು.

ತೆರಿಗೆಯ ದೃಷ್ಟಿಯಿಂದಲೂ ವಾರ್ಷಿಕ ನಿರ್ವಹಣೆಯೇ ಲೇಸು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಹಾಗಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಪುನಃ ಸ್ಪಷ್ಟಪಡಿಸಿತು. ವರ್ಷವರ್ಷದ ಹೂಳೆತ್ತುವಿಕೆ ಈ ವ್ಯಾಖ್ಯೆಗೆ ಸಲೀಸಾಗಿ ಹೊಂದುತ್ತದೆ. ಹಲವು ವರ್ಷಗಳ ಬಾಕಿಯನ್ನು ಒಮ್ಮೆಲೇ ತೆಗೆದು, ಹೊಂಡವನ್ನು ಮೊದಲಿಗಿಂತ ಆಳಗೊಳಿಸಿ, ಕಲ್ಲು ಕಟ್ಟಿಸಿದಾಗ ಅದು ಬಂಡವಾಳ ವೆಚ್ಚವೇ ಎಂಬ ಪ್ರಶ್ನೆ ಏಳುತ್ತದೆ. ಜಿಎಸ್‌ಟಿಯಲ್ಲಿಯೂ ಸ್ಥಿರಾಸ್ತಿಯ ದುರಸ್ತಿಯ ವೆಚ್ಚವನ್ನು ಬಂಡವಾಳಕ್ಕೆ ಸೇರಿಸಿದಷ್ಟರ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆಗೆ ತಡೆಯುಂಟು. ಆದ್ದರಿಂದ ಅಳತೆಯ ಟಿಪ್ಪಣಿ, ಕೆಲಸದ ಮುನ್ನ ಮತ್ತು ನಂತರದ ಛಾಯಾಚಿತ್ರ, ಬಿಲ್ಲು, ಈ ಮೂರನ್ನೂ ಕಡತದಲ್ಲಿಡಿ.

ಸಂಸ್ಥೆಯಾಗಿ ನಾವು ಕೇಳಬೇಕಾದುದು

1. ಹಿಡಕಲ್ ಮತ್ತು ಧೂಪದಾಳಗಳ ಇತ್ತೀಚಿನ ಹೂಳು ಸಮೀಕ್ಷೆಯ ವರ್ಷ ಯಾವುದು, ಉಳಿದಿರುವ ಸಾಮರ್ಥ್ಯವೆಷ್ಟು ಎಂಬುದನ್ನು ಕರ್ನಾಟಕ ನೀರಾವರಿ ನಿಗಮದಿಂದ ಲಿಖಿತವಾಗಿ ಕೇಳಬೇಕು. ಮಾಹಿತಿ ಹಕ್ಕು ಕಾಯ್ದೆ, 2005 ಇದಕ್ಕೆ ಸಾಕು.

2. ಕೇಂದ್ರ ಜಲಶಕ್ತಿ ಸಚಿವಾಲಯವು 2022ರಲ್ಲಿ ಹೊರಡಿಸಿದ ಹೂಳು ನಿರ್ವಹಣೆಯ ರಾಷ್ಟ್ರೀಯ ಚೌಕಟ್ಟಿನ ಅನುಸಾರ ಈ ನದಿಗೆ ಯೋಜನೆ ರೂಪಿಸುವಂತೆ ಮನವಿ ಸಲ್ಲಿಸಬೇಕು.

3. ಧೂಪದಾಳದ ಹಿನ್ನೀರು 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮದ ಭಾಗ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಮತಿಯಿಲ್ಲದೆ ಅಲ್ಲಿ ಯಂತ್ರ ಇಳಿಸಲಾಗದು. ಹಕ್ಕಿಗಳ ನೆಲೆ ಕೆಡದಂತೆ ಎಲ್ಲಿ, ಯಾವಾಗ, ಎಷ್ಟು ಹೂಳು ತೆಗೆಯಬಹುದು ಎಂಬುದನ್ನು ಅರಣ್ಯ ಇಲಾಖೆಯೊಡನೆ ಮೊದಲೇ ನಿಶ್ಚಯಿಸಿಕೊಳ್ಳಬೇಕು.

4. ಕಾಲುವೆಗಳ ಹೂಳಿಗೆ ಪ್ರತ್ಯೇಕ ವಾರ್ಷಿಕ ನಿರ್ವಹಣಾ ಅನುದಾನವಿರಬೇಕು. ಅದರ ಖರ್ಚಿನ ವಿವರ ಪ್ರತಿವರ್ಷ ಪ್ರಕಟವಾಗಬೇಕು.

ಸವಕಳಿಯನ್ನು ಬರೆಯದ ವರ್ತಕನ ಲಾಭ ಕಾಗದದ ಮೇಲಷ್ಟೇ ಉಳಿಯುತ್ತದೆ. ನದಿಯ ವಿಷಯದಲ್ಲಿಯೂ ಇದೇ ನಿಯಮ. ಈ ವರ್ಷದ ಲೆಕ್ಕಪತ್ರ ಮುಗಿಸುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಹೊಂಡದ ಆಳವನ್ನು ಒಮ್ಮೆ ಅಳೆಯಿಸಲಿ. ಸಂಸ್ಥೆಯು ಜಲಾಶಯದ ಆಳವನ್ನು ಕೇಳಲಿ.