ಆರು, ಏಳು, ಎಂಟು: ಬಿಡದಿರಲಿ ಮನೆ–ಶಾಲೆಯ ನಂಟು

ಒಂದನೇ ಕ್ಲಾಸಿನ ಮಗುವಿನ ಜೊತೆ ಅಮ್ಮನೋ ಅಜ್ಜಿಯೋ ಶಾಲೆಯ ಗೇಟಿನವರೆಗೂ ಬರುತ್ತಾರೆ. ಮಿಸ್ ಎದುರಾದರೆ 'ರಾತ್ರಿ ಜ್ವರ ಇತ್ತು, ಸ್ವಲ್ಪ ನೋಡ್ಕೊಳ್ಳಿ' ಎಂದು ಹೇಳಿ ಹೋಗುತ್ತಾರೆ. ಅದೇ ಮಗು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಈ ಮಾತುಕತೆ ನಿಂತಿರುತ್ತದೆ. ಮಗುವೇ 'ನೀನು ಬರಬೇಡ, ಎಲ್ಲರೂ ನೋಡ್ತಾರೆ' ಎನ್ನತೊಡಗುತ್ತದೆ. ಒಬ್ಬರೇ ಟೀಚರ್ ಇದ್ದ ಕಡೆ ವಿಷಯಕ್ಕೊಬ್ಬರು ಬಂದಿರುತ್ತಾರೆ. ಯಾರನ್ನು ಏನು ಕೇಳಬೇಕೆಂದು ಮನೆಯವರಿಗೆ ತಿಳಿಯುವುದಿಲ್ಲ. ಪುಸ್ತಕದಲ್ಲಿ ಬೀಜಗಣಿತ ಕಾಣಿಸಿಕೊಂಡ ದಿನ, ನಾಲ್ಕೈದು ಕ್ಲಾಸು ಓದಿ ಬಿಟ್ಟ ಅಪ್ಪ 'ಇನ್ನು ಇದು ನಮ್ಮ ಕೈಲಿ ಆಗೋದಲ್ಲ' ಎಂದು ಸುಮ್ಮನಾಗುತ್ತಾನೆ.

ಹುಡುಗಿಯರು ದೊಡ್ಡವರಾಗುವುದು, ಹುಡುಗರ ಕೈಗೆ ಮೊಬೈಲು ಸಿಗುವುದು, ಸುಗ್ಗಿಯಲ್ಲಿ 'ಒಂದು ವಾರ ಹೊಲಕ್ಕೆ ಬಾ' ಎಂಬ ಕರೆ ಬರುವುದು ಎಲ್ಲವೂ ಇದೇ ಮೂರು ವರ್ಷಗಳಲ್ಲಿ. ಮನೆಯೂ ಶಾಲೆಯೂ ದಿನ ಬಿಟ್ಟು ದಿನ ಮಾತಾಡಬೇಕಾದ ಕಾಲದಲ್ಲೇ ಎರಡೂ ದೂರವಾಗಿರುತ್ತವೆ. ಈ ದೂರವನ್ನು ಕಡಿಮೆ ಮಾಡುವ ಮೊದಲ ಹೊಣೆ ಶಾಲೆಯದು. ಇದು ಬರೀ ಒಳ್ಳೆಯತನದ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಪೋಷಕರನ್ನು ನಿಯಮಿತವಾಗಿ ಭೇಟಿಯಾಗಿ ಮಗುವಿನ ಹಾಜರಿ, ಕಲಿಕೆ, ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. ಇಲ್ಲಿರುವ ಸಲಹೆಗಳು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದವು. ಅನುದಾನಿತ, ಖಾಸಗಿ ಶಾಲೆಗಳಿಗೂ ಬಹುಪಾಲು ಹೊಂದುತ್ತವೆ.

ಜೂನ್‌ನಲ್ಲಿ: ಮೊದಲ ಫೋನು ಒಳ್ಳೆಯ ಸುದ್ದಿಗೆ

ಶಾಲೆಯಿಂದ ಫೋನು ಬಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಮಗು ಬಿದ್ದಿದೆ, ಹೊಡೆದಾಡಿದೆ, ಇಲ್ಲವೇ ಆಧಾರ್ ಜೆರಾಕ್ಸ್ ತಂದಿಲ್ಲ ಎಂಬ ಮೂರರಲ್ಲಿ ಒಂದು ಎಂದೇ ಲೆಕ್ಕ. ಈ ಅಭ್ಯಾಸವನ್ನು ಶಾಲೆ ತೆರೆದ ಮೊದಲ ತಿಂಗಳಲ್ಲೇ ಮುರಿಯಿರಿ. ಯಾವ ದೂರೂ ಇಲ್ಲದೆ, ಏನನ್ನೂ ಕೇಳದೆ, ಪ್ರತಿ ಮಗುವಿನ ಮನೆಗೂ ಒಂದು ಕರೆ ಮಾಡಿ.

'ಅಮ್ಮಾ, ನಾನು ಶಾಲೆಯಿಂದ ವಿಜ್ಞಾನದ ಟೀಚರ್ ಮಾತಾಡ್ತಿರೋದು. ಗಾಬರಿ ಆಗ್ಬೇಡಿ, ಏನೂ ತೊಂದ್ರೆ ಇಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹಿತ್ತಾಳೆ ಚೊಂಬು ಯಾಕೆ ಹೊಳೆಯುತ್ತೆ ಅಂತ ನಿಮ್ಮ ಹುಡುಗ ಇವತ್ತು ಕೇಳಿದ. ಎಲ್ಲರೂ ಸೇರಿ ಉಜ್ಜಿ ನೋಡಿದ್ವಿ.'

'ಹೌದಾ ಮಿಸ್? ಮನೇಲಿ ಬಾಯೇ ಬಿಡಲ್ವಲ್ಲ ಅವ್ನು!'

ಇಷ್ಟಾದರೆ ಸಾಕು, ಮುಂದಿನ ಮಾತು ತಾನಾಗಿ ಬರುತ್ತದೆ. ಸಂಜೆ ಅವನಿಗೆ ಏನು ಕೆಲಸ ಇರುತ್ತದೆ, ಯಾವ ಹೊತ್ತಿನಲ್ಲಿ ಓದುತ್ತಾನೆ, ಮನೆಯಲ್ಲಿ ಯಾರ ಮಾತು ಕೇಳುತ್ತಾನೆ ಎಂದು ಕೇಳಿ, ಬರೆದುಕೊಳ್ಳಿ. ಕ್ಲಾಸಿನಲ್ಲಿ 30 ಮಕ್ಕಳಿದ್ದು ಮೂವರು ಶಿಕ್ಷಕರಿದ್ದರೆ ತಲಾ 10 ಮನೆ. ದಿನಕ್ಕೆ ಎರಡೆಂದರೆ ಒಂದು ವಾರದ ಕೆಲಸ. ವರ್ಷದಲ್ಲಿ ಮುಂದೆಂದಾದರೂ ಕಷ್ಟದ ವಿಷಯ ಹೇಳಬೇಕಾಗಿ ಬಂದಾಗ ಈ ಮೊದಲ ಕರೆ ನೆರವಿಗೆ ಬರುತ್ತದೆ.

ಇದಕ್ಕೆಂದೇ ಒಂದು ನೋಟ್‌ಬುಕ್ ಇಡಿ, ಪ್ರತಿ ಮಗುವಿಗೆ ಒಂದು ಪುಟ. ನಂಬರ್ ಬರೆದರೆ ಸಾಲದು. ಆ ಫೋನು ಹಗಲಲ್ಲಿ ಯಾರ ಬಳಿ ಇರುತ್ತದೆ ಎಂದೂ ಬರೆಯಿರಿ. ಮನೆಮಾತು ಉರ್ದುವೋ, ಲಂಬಾಣಿಯೋ, ತುಳುವೋ, ತೆಲುಗೋ ತಿಳಿದಿರಲಿ. ಮನೆಯಲ್ಲಿ ಕನ್ನಡ ಓದಬಲ್ಲವರು ಯಾರು? ಅಪ್ಪ ಅಮ್ಮ ಗುಳೆ ಹೋದಾಗ ಮಗು ಯಾರ ಜೊತೆ ಇರುತ್ತದೆ? ಅಜ್ಜಿಯ ಜೊತೆ ಇರುವ ಮಗುವಿಗೆ ಅಜ್ಜಿಯೇ ಪೋಷಕರು. ಸಭೆಗೆ ಅವರನ್ನೇ ಕರೆಯಿರಿ, 'ಅಪ್ಪ ಬರಲಿಲ್ಲವಾ' ಎಂದು ಎಲ್ಲರೆದುರು ಕೇಳಬೇಡಿ.

ದಿನ, ಹೊತ್ತು ಊರಿಗೆ ಹೊಂದಲಿ

'ಕರೆದರೂ ಪೋಷಕರು ಬರಲ್ಲ' ಎನ್ನುವ ಮುನ್ನ ಕರೆದ ದಿನ ಯಾವುದೆಂದು ನೋಡಬೇಕು. ಕೆಲಸದ ದಿನ ಬೆಳಿಗ್ಗೆ 11 ಗಂಟೆಗೆ ಸಭೆ ಇಟ್ಟರೆ ಕೂಲಿಯ ತಾಯಿ ಆ ದಿನದ ಸಂಬಳ ಬಿಟ್ಟು ಬರಬೇಕು. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅಲ್ಲಿ ಸೋಮವಾರದ ಸಂಜೆ ಜನ ಸಿಗುತ್ತಾರೆ. ಹಾಲು ಹಾಕುವ ಊರಲ್ಲಿ ಡೇರಿಯ ಹೊತ್ತು ತಪ್ಪಿಸಿ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ. ಸಂತೆಯ ದಿನ ಬೇಡವೇ ಬೇಡ. ಒಂದೇ ದಿನ ಎಲ್ಲರಿಗೂ ಆಗದಿದ್ದರೆ ಎರಡು ದಿನ ಇಡಿ.

ಚೀಟಿ ಕಳಿಸಿದರೆ ಅದು ಬ್ಯಾಗಿನ ತಳದಲ್ಲೇ ಉಳಿಯುತ್ತದೆ. ಡೇರಿಯ ಮುಂದೆ, ರೇಷನ್ ಅಂಗಡಿಯ ಸಾಲಿನಲ್ಲಿ, ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಬಾಯಿಮಾತಲ್ಲಿ ಹೇಳಿ. ಮಗುವೇ ಕೈಯಾರೆ ಬರೆದ ಕರೆಯೋಲೆಗೆ ಬೇರೆಯದೇ ತೂಕವಿದೆ.

ಸಭೆಯಲ್ಲಿ ಭಾಷಣ ಬೇಡ, ಮಗುವಿನ ಪುಸ್ತಕ ಇರಲಿ

ನಮ್ಮ ಬಹುತೇಕ ಪೋಷಕರ ಸಭೆಗಳು ಹೀಗೆ ನಡೆಯುತ್ತವೆ: ಮುಂದೆ ಟೇಬಲ್, ಮೈಕು, ಗಣ್ಯರಿಗೆ ಸ್ವಾಗತ, ಹೆಡ್ಮಾಸ್ಟರರ ಮಾತು, 'ಮಕ್ಕಳನ್ನು ತಪ್ಪದೆ ಕಳಿಸಿ, ಮೊಬೈಲ್ ಕೊಡಬೇಡಿ' ಎಂಬ ಉಪದೇಶ, ಕೊನೆಗೆ ಟೀ ಬಿಸ್ಕತ್ತು. ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿಗೆ ತನ್ನ ಮಗಳ ಬಗ್ಗೆ ಒಂದು ಮಾತೂ ಗೊತ್ತಾಗಿರುವುದಿಲ್ಲ. ಮುಂದಿನ ಸಲ ಆಕೆ ಬಾರದಿದ್ದರೆ ತಪ್ಪು ಆಕೆಯದಲ್ಲ.

ಕರ್ನಾಟಕದ ಶಾಲೆಗಳಲ್ಲಿ 'ಸಮುದಾಯದತ್ತ ಶಾಲೆ' ಎಂಬ ಒಳ್ಳೆಯ ಪದ್ಧತಿ ಇದೆ. ಸಂಕಲನಾತ್ಮಕ ಪರೀಕ್ಷೆ ಮುಗಿದ ಮೇಲೆ ಮಕ್ಕಳ ಉತ್ತರ ಪತ್ರಿಕೆಗಳನ್ನು ಪೋಷಕರ ಕೈಗೆ ಕೊಟ್ಟು ಮಾತಾಡುವ ದಿನ ಅದು. ಎಷ್ಟೋ ಕಡೆ ಇದು ಸಹಿ ಹಾಕಿಸುವ ಕೆಲಸವಾಗಿ ಮುಗಿಯುತ್ತದೆ. ಹಾಗಾಗದಂತೆ ಹೀಗೆ ಮಾಡಿ.

ಕ್ಲಾಸ್‌ರೂಮಿನ ನಾಲ್ಕು ಮೂಲೆಯಲ್ಲಿ ನಾಲ್ವರು ಶಿಕ್ಷಕರು ಚಾಪೆಯ ಮೇಲೋ ಬೆಂಚಿನ ಮೇಲೋ ಕೂರಲಿ. ಶಿಕ್ಷಕರಿಗೆ ಕುರ್ಚಿ, ಪೋಷಕರಿಗೆ ನೆಲ ಎಂಬಂತಾಗಬಾರದು. ಒಂದು ಮನೆಗೆ ಹತ್ತು ನಿಮಿಷ. ಮಗುವೂ ಪಕ್ಕದಲ್ಲಿ ಇರಬೇಕು, ಯಾಕೆಂದರೆ ಮಾತು ಅದರದೇ. ಎದುರಿಗೆ ಎರಡು ನೋಟ್‌ಬುಕ್ ತೆರೆದಿಡಿ: ಜೂನ್ ತಿಂಗಳ ಒಂದು ಪುಟ, ಸೆಪ್ಟೆಂಬರಿನ ಒಂದು ಪುಟ. ಅಕ್ಷರ ಬಾರದ ತಾಯಿಯೂ ಈ ಎರಡರ ಅಂತರ ಕಾಣಬಲ್ಲಳು. ಜೂನಿನಲ್ಲಿ ಸಾಲು ತಪ್ಪಿ ಕೆಳಗಿಳಿದ ಅಕ್ಷರ, ಅರ್ಧಕ್ಕೆ ಬಿಟ್ಟ ಲೆಕ್ಕ. ಸೆಪ್ಟೆಂಬರಿನಲ್ಲಿ ತುಂಬಿದ ಪುಟ, ಕೊನೆಯಲ್ಲಿ ಕೆಂಪು ಶಾಯಿಯ ಗುರುತು. ಮಗು ತಾನು ಬರೆದ ಪ್ರಬಂಧದ ಒಂದು ಪ್ಯಾರಾ ಗಟ್ಟಿಯಾಗಿ ಓದಲಿ. ಮಗಳು ಓದುವುದನ್ನು ಆ ತಾಯಿ ಬಹುಶಃ ಮೊದಲ ಸಲ ಕೇಳುತ್ತಿರುತ್ತಾಳೆ. ಆಗ ಶಿಕ್ಷಕರು ಒಂದು ಗಳಿಗೆ ಸುಮ್ಮನಿರುವುದು ಒಳ್ಳೆಯದು.

ಆಮೇಲೆ ಮೂರೇ ಸಂಗತಿ: ಮಗುವಿಗೆ ಯಾವುದು ಚೆನ್ನಾಗಿ ಬರುತ್ತದೆ, ಯಾವುದು ತೊಡಕಾಗಿದೆ, ಮುಂದಿನ ತಿಂಗಳು ಶಾಲೆ ಏನು ಮಾಡುತ್ತದೆ ಮತ್ತು ಮನೆ ಏನು ಮಾಡಬಹುದು. 'ಗಣಿತದಲ್ಲಿ ವೀಕ್' ಎನ್ನಬೇಡಿ. 'ಭಿನ್ನರಾಶಿ ಕೂಡುವುದರಲ್ಲಿ ಛೇದ ಬೇರೆ ಬೇರೆ ಇದ್ದರೆ ತಪ್ಪುತ್ತಾಳೆ, ವಾರಕ್ಕೆ ಎರಡು ದಿನ ನಾನು ಕೂರಿಸಿಕೊಳ್ಳುತ್ತೇನೆ' ಎನ್ನಿ. ಅಂಕಗಳನ್ನು ಎಲ್ಲರೆದುರು ಓದುವುದನ್ನು ಪೂರ್ತಿ ನಿಲ್ಲಿಸಿ. ಮಗುವನ್ನು ಅಪ್ಪನ ಕೈಗೆ ಒಪ್ಪಿಸಿ 'ನೋಡಿ, ನಿಮ್ಮ ಮಗ ಹೀಗೆ' ಎಂದು ದೂರಿದರೆ ರಾತ್ರಿ ಮನೆಯಲ್ಲಿ ಬೆಲ್ಟು ಹೊರಬರುತ್ತದೆ. ಆ ಮಗು ಮುಂದೆ ಯಾವ ಸಭೆಯ ವಿಷಯವನ್ನೂ ಮನೆಗೆ ಮುಟ್ಟಿಸುವುದಿಲ್ಲ.

ಪೋಷಕರಿಗೂ ಒಂದು ಮಾತು. ನಿಮ್ಮ ಸರದಿ ಬಂದಾಗ 'ಹೆಂಗೆ ಓದ್ತಾನೆ ಸಾರ್?' ಎಂದು ಕೇಳಿದರೆ 'ಪರವಾಗಿಲ್ಲ' ಎಂಬ ಉತ್ತರ ಬರುತ್ತದೆ. ಬದಲಿಗೆ ಅವನು ಕ್ಲಾಸಲ್ಲಿ ಕೈ ಎತ್ತಿ ಪ್ರಶ್ನೆ ಕೇಳುತ್ತಾನಾ, ಕನ್ನಡ ಪಾಠವನ್ನು ತಡವರಿಸದೆ ಓದುತ್ತಾನಾ, ಯಾರ ಜೊತೆ ಕೂರುತ್ತಾನೆ ಎಂದು ಕೇಳಿ.

ಓದು ಬಾರದ ಮನೆಯಲ್ಲೂ ಆಗುವ ಕೆಲಸ

ಹೋಂವರ್ಕ್ ಹೇಳಿಕೊಡಲು ಆಗದಿದ್ದರೆ ತಾವು ಪ್ರಯೋಜನಕ್ಕಿಲ್ಲ ಎಂದುಕೊಳ್ಳುವ ಪೋಷಕರು ಬಹಳ. ಅವರು ಇದನ್ನು ತಿಳಿಯಬೇಕು. ಈ ವಯಸ್ಸಿನ ಮಕ್ಕಳ ಬಗ್ಗೆ ನಡೆದ 50 ಅಧ್ಯಯನಗಳನ್ನು ಒಟ್ಟುಗೂಡಿಸಿ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಅಮೆರಿಕದ ಸಂಶೋಧಕಿಯರು 2009ರಲ್ಲಿ ವಿಶ್ಲೇಷಿಸಿದರು. ಮಕ್ಕಳ ಕಲಿಕೆಯ ಜೊತೆ ಹೆಚ್ಚು ನಂಟು ಕಂಡದ್ದು ಓದಿನ ಬೆಲೆ ಏನು, ಮುಂದೆ ಏನಾಗಬೇಕೆಂದಿದ್ದೀಯ, ಅದಕ್ಕೆ ದಾರಿ ಯಾವುದು ಎಂದು ಮಗುವಿನೊಡನೆ ಮಾತಾಡುವ ಮನೆಗಳಲ್ಲಿ. ಹೋಂವರ್ಕಿಗೆ ಕೈಹಾಕುವುದರಿಂದ ಅಂಥ ಪ್ರಯೋಜನ ಕಾಣಲಿಲ್ಲ. ಅಲ್ಲಿನ ಶಾಲೆ ಬೇರೆ, ನಮ್ಮದು ಬೇರೆ ಎಂಬುದು ನಿಜ. ಆದರೂ ಓದದ ತಾಯಿಯೂ ಮಾಡಬಹುದಾದ ಕೆಲಸಕ್ಕೇ ಹೆಚ್ಚು ಬಲ ಇದೆ ಎಂಬುದನ್ನು ಪ್ರತಿ ಸಭೆಯಲ್ಲೂ ಹೇಳಬೇಕೆಂದು ನನಗನ್ನಿಸುತ್ತದೆ.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಓದಲು ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿ. ಆ ಒಂದು ಗಂಟೆ ಟಿವಿ ಆರಿರಲಿ, ಯಾರೂ ಮಗುವನ್ನು ಅಂಗಡಿಗೆ ಓಡಿಸದಿರಲಿ. ಊಟಕ್ಕೆ ಕೂತಾಗ 'ಇವತ್ತು ಏನು ಕಲಿತೆ' ಎನ್ನುವ ಬದಲು 'ಇವತ್ತಿನ ಪಾಠ ನನಗೂ ಹೇಳು' ಎನ್ನಿ.

ಶಿಕ್ಷಕರು ಮನೆಯವರ ಕಸುಬನ್ನೇ ಪಾಠಕ್ಕೆ ಕರೆಯಬಹುದು. ಏಳನೇ ಕ್ಲಾಸಿನ ವಿಸ್ತೀರ್ಣದ ಪಾಠಕ್ಕೆ ಒಬ್ಬ ರೈತ ಬರಲಿ. ಎಕರೆಗೆ 40 ಗುಂಟೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. ಶಾಲೆಯ ಮೈದಾನದಲ್ಲಿ ಹಗ್ಗ ಹಿಡಿದು ಅಳೆದು, ಮೈದಾನ ಎಷ್ಟು ಗುಂಟೆ ಎಂದು ಮಕ್ಕಳೇ ಲೆಕ್ಕ ಹಾಕಲಿ. ಅಪ್ಪ ಪಾಠ ಮಾಡಿದ ದಿನ ಮಗು ಶಾಲೆಯಲ್ಲಿ ತಲೆಯೆತ್ತಿ ನಡೆಯುತ್ತದೆ. ಆ ಅಪ್ಪನಿಗೂ ಶಾಲೆಯ ಹೊಸ್ತಿಲ ಅಂಜಿಕೆ ಬಿಡುತ್ತದೆ.

ವಾಟ್ಸ್‌ಆ್ಯಪ್ ಗುಂಪು

ಇರಲಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಬರೆದದ್ದು ಓದಲಾಗದವರಿಗೆ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ. ಒಂದು ಮಗುವಿನ ತಪ್ಪು, ಅಂಕ, ಗೈರುಹಾಜರಿ ಗುಂಪಿಗೆ ಹೋಗಬಾರದು. ರಾತ್ರಿ ಎಂಟರ ನಂತರ ಶಿಕ್ಷಕರಿಂದ ಉತ್ತರ ಬೇಕೆನ್ನಬಾರದು. ಅವರಿಗೂ ಮನೆ ಮಕ್ಕಳಿದ್ದಾರೆ.

ಎಸ್‌ಡಿಎಂಸಿ: ಸಹಿಗಷ್ಟೇ ಅಲ್ಲ

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಕರ್ನಾಟಕದಲ್ಲಿ 2001ರಿಂದಲೇ ಇವೆ. ಶಿಕ್ಷಣ ಹಕ್ಕು ಕಾಯ್ದೆ ಅವುಗಳ ಬಲ ಹೆಚ್ಚಿಸಿತು: ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ತಯಾರಿಸಬೇಕು. ಕಾಗದದಲ್ಲಿ ಎಲ್ಲವೂ ಸರಿ. ಆದರೆ ಮಹಿಳಾ ಸದಸ್ಯೆಯ ಬದಲು ಗಂಡ ಬಂದು ಕೂರುವುದು, ನಡಾವಳಿ ಪುಸ್ತಕ ಮನೆಗೆ ಹೋಗಿ ಸಹಿ ಪಡೆದು ಬರುವುದು ಇನ್ನೂ ನಿಂತಿಲ್ಲ.

ಇದಕ್ಕೆ ಮದ್ದು ಸಭೆ ನಡೆಸುವ ರೀತಿಯಲ್ಲೇ ಇದೆ. ಎಲ್ಲರೂ ದುಂಡಗೆ ಕೂತು, ಮಹಿಳೆಯರಿಂದ ಮಾತು ಶುರುಮಾಡಿ. ಕಾಂಪೌಂಡು, ಬಣ್ಣ, ರೂಮಿನ ವಿಷಯಗಳು ಹೇಗೂ ಬರುತ್ತವೆ. ಅವುಗಳಿಗೆ ಮೊದಲು ಕಲಿಕೆಯ ಒಂದು ಪ್ರಶ್ನೆ ಇಡಿ: ಆರನೇ ಕ್ಲಾಸಿನಲ್ಲಿ ಕನ್ನಡ ಸರಾಗವಾಗಿ ಓದಲು ಬಾರದವರು ಎಷ್ಟು ಮಂದಿ, ಅವರಿಗಾಗಿ ಏನು ಮಾಡುತ್ತಿದ್ದೇವೆ? ಹುಡುಗಿಯರ ಶೌಚಾಲಯಕ್ಕೆ ನೀರಿದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂದು ತಾಯಂದಿರೇ ಹೋಗಿ ನೋಡಿ ಬರಲಿ. ಬಿಸಿಯೂಟದ ರುಚಿ ನೋಡಲು ಸರದಿಯ ಮೇಲೆ ಪೋಷಕರನ್ನು ಕರೆಯಿರಿ. ಅನ್ನ ಸಾರು ಉಣ್ಣುತ್ತಾ ಆಡುವ ಮಾತು ಸಭೆಯಲ್ಲಿ ಹೊರಡುವುದಿಲ್ಲ.

ಮೂರನೇ ದಿನವೂ ಮಗು ಬಾರದಿದ್ದರೆ

ಮೊದಲ ದಿನ ಫೋನು, ಮೂರನೇ ದಿನ ಮನೆಗೆ. ವಾರ ಕಾಯಬೇಡಿ. ಮನೆಗೆ ಹೋದಾಗ 'ಯಾಕೆ ಕಳಿಸಿಲ್ಲ' ಎಂದು ಜಬರಿಸದೆ 'ಎಲ್ಲರೂ ಆರಾಮಾ?' ಎಂದು ಶುರುಮಾಡಿ. ಹುಡುಗಿ ದೊಡ್ಡವಳಾದ ಕಾರಣಕ್ಕೆ ನಿಂತಿದ್ದರೆ ಶಿಕ್ಷಕಿಯೋ, ಎಸ್‌ಡಿಎಂಸಿಯ ಮಹಿಳಾ ಸದಸ್ಯೆಯೋ, ಆಶಾ ಕಾರ್ಯಕರ್ತೆಯೋ ಅಮ್ಮನೊಡನೆ ಮಾತಾಡಲಿ. ದಾರಿಯ ಭಯ ಇದ್ದರೆ ಅದೇ ಓಣಿಯ ನಾಲ್ಕು ಹುಡುಗಿಯರು ಒಟ್ಟಿಗೆ ಹೋಗಿಬರುವಂತೆ ಗುಂಪು ಮಾಡಿ. ಮದುವೆಯ ಮಾತು ನಡೆಯುತ್ತಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಆಗಲೇ ತಿಳಿಸಬೇಕು. ಅಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಏಳರಿಂದ ಎಂಟಕ್ಕೆ

ಎಷ್ಟೋ ಸರ್ಕಾರಿ ಶಾಲೆಗಳು ಏಳನೇ ಕ್ಲಾಸಿಗೆ ಮುಗಿಯುತ್ತವೆ. ಟಿ.ಸಿ. ಕೈಗೆ ಬಂದ ಮೇಲೆ ಹೈಸ್ಕೂಲು ಸೇರದೆ ಉಳಿಯುವ ಮಕ್ಕಳು ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ. ಹಳೆಯ ಶಾಲೆ 'ಕಳಿಸಿದೆವು' ಎನ್ನುತ್ತದೆ, ಹೊಸ ಶಾಲೆಗೆ ಆ ಹೆಸರೇ ಗೊತ್ತಿರುವುದಿಲ್ಲ. ಆದ್ದರಿಂದ ಮಾರ್ಚ್‌ನಲ್ಲೇ ಪ್ರತಿ ಮಗು ಯಾವ ಹೈಸ್ಕೂಲಿಗೆ ಹೋಗುತ್ತದೆಂದು ಬರೆದಿಡಿ. ಬೇಸಿಗೆ ರಜೆಗೆ ಮುನ್ನ ಒಂದು ದಿನ ಮಕ್ಕಳು ಮತ್ತು ಪೋಷಕರ ಜೊತೆ ಆ ಶಾಲೆಗೆ ಹೋಗಿಬನ್ನಿ. ದೂರವಿದ್ದರೆ ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ತಾಯಂದಿರಿಗೂ ಹುಡುಗಿಯರಿಗೂ ಟಿಕೆಟ್ ಖರ್ಚಿಲ್ಲ.

ಅದೇ ದಿನ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ವಿಷಯವನ್ನೂ ಹೇಳಿ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳು ಇದರ ಪರೀಕ್ಷೆ ಬರೆಯುತ್ತಾರೆ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಆದಾಯ ಪ್ರಮಾಣಪತ್ರ, ಮಗುವಿನ ಬ್ಯಾಂಕ್ ಖಾತೆಯನ್ನು ಬೇಸಿಗೆಯಲ್ಲೇ ಸರಿಮಾಡಿಕೊಂಡರೆ ಕೊನೆ ಗಳಿಗೆಯ ಓಡಾಟ ತಪ್ಪುತ್ತದೆ.

ಜೂನ್ ಎರಡನೇ ವಾರ ಏಳನೇ ಕ್ಲಾಸಿನ ಶಿಕ್ಷಕರು ಆ ಪಟ್ಟಿ ಹಿಡಿದು ಹೈಸ್ಕೂಲಿಗೆ ಫೋನು ಮಾಡಿ, ಹೆಸರು ಹೆಸರಾಗಿ ಕೇಳಿ ಗುರುತು ಹಾಕಿಕೊಳ್ಳಲಿ. ಹೆಸರು ಸಿಗದ ಮಗುವಿನ ಮನೆಗೆ ಅದೇ ವಾರ ಹೋಗಬೇಕು. 'ತಡವಾಯಿತು, ಈಗ ಸೇರಿಸಿಕೊಳ್ಳಲ್ಲ' ಎಂದು ಯಾರಾದರೂ ಹೇಳಿ ಕಳಿಸಿದ್ದರೆ ಕಾಯ್ದೆಯ 15ನೇ ಸೆಕ್ಷನ್ ತೋರಿಸಿ: ಎಂಟನೇ ಕ್ಲಾಸಿನವರೆಗೆ, ದಾಖಲಾತಿಯ ಅವಧಿ ಮುಗಿದಿದ್ದರೂ ಮಗುವನ್ನು ವಾಪಸು ಕಳಿಸುವಂತಿಲ್ಲ. ಟಿ.ಸಿ. ಬರುವುದು ತಡವಾದರೂ ಅಷ್ಟೇ.