ಅಮರ ಸುಳ್ಯ ಬಂಡಾಯ, 1837: ಪೂರ್ವಜರ ಹೆಸರಿನ ಶೋಧ – ಮುಖ್ಯಾಂಶಗಳು

ಘಟನೆ: ಒಂದು ನೋಟ

• ಕಾಲ: 1837, ಮಾರ್ಚ್ ಕೊನೆ – ಏಪ್ರಿಲ್; 1857ರ ದಂಗೆಗೆ 20 ವರ್ಷ ಮುಂಚೆ
• ನೆಲ: ಇಂದಿನ ಸುಳ್ಯ, ಪುತ್ತೂರು, ಕಡಬ ತಾಲ್ಲೂಕು, ವಿಸ್ತರಣೆ ಬಂಟ್ವಾಳ, ಮಂಗಳೂರಿನವರೆಗೆ
• ಇನ್ನೊಂದು ಹೆಸರು: ಕಲ್ಯಾಣಪ್ಪನ ಕಾಟಕಾಯಿ
• ಹಿನ್ನೆಲೆ: 1834 ಏಪ್ರಿಲ್, ಕೊಡಗಿನ ಅರಸ ಚಿಕವೀರ ರಾಜೇಂದ್ರನ ಪದಚ್ಯುತಿ; 1834 ಮೇ 7, ಕರ್ನಲ್ ಫ್ರೇಸರ್ ಘೋಷಣೆ, ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶ
• ಬಳಿಕ ಅಮರ ಸುಳ್ಯ, ಪುತ್ತೂರು ಮಾಗಣೆ (ಗ್ರಾಮಗಳ ಗುಂಪು) ಕೊಡಗಿನಿಂದ ಬೇರ್ಪಟ್ಟು ಕೆನರಾ ಜಿಲ್ಲೆಗೆ
• ತಕ್ಷಣದ ಕಾರಣ: ವಸ್ತುರೂಪದ ಕಂದಾಯಕ್ಕೆ ಬದಲು ನಗದು ಕಂದಾಯ
• ನಾಯಕರು: ಕೆದಂಬಾಡಿ ರಾಮಯ್ಯ ಗೌಡ, ಪುಟ್ಟಬಸಪ್ಪ (ಕಲ್ಯಾಣಸ್ವಾಮಿ ಹೆಸರಿನಲ್ಲಿ), ಗುಡ್ಡೆಮನೆ ಅಪ್ಪಯ್ಯ ಗೌಡ, ಲಕ್ಷ್ಮಪ್ಪ ಬಂಗರಸ, ಕುಡೆಕಲ್ಲು ಪುಟ್ಟ ಗೌಡ
• ಮಾರ್ಚ್ 30: ಪೂಮಲೆಯಿಂದ ದಂಡು, ಕಂಪನಿ ಪರ ಇದ್ದ ಅಟ್ಲೂರು ರಾಮಪ್ಪಯ್ಯನ ವಧೆ, ಬೆಳ್ಳಾರೆ ಖಜಾನೆ ವಶ
• ಏಪ್ರಿಲ್ 5: ಮಂಗಳೂರು ವಶ, ಬಾವುಟಗುಡ್ಡದಲ್ಲಿ ಧ್ವಜ, ಆಳ್ವಿಕೆ 13 ದಿನ
• ಅಕ್ಟೋಬರ್ 31: ಅಪ್ಪಯ್ಯ ಗೌಡರಿಗೆ ಮಡಿಕೇರಿ ಕೋಟೆಯಲ್ಲಿ ಗಲ್ಲು

ಎರಡು ಪಕ್ಷ, ಎರಡು ಬಗೆಯ ದಾಖಲೆ

• ಬಂಡಾಯದ ಪಕ್ಷ: ರೈತರ ದಂಡು, ಸಂಬಳದ ಸೈನ್ಯವಲ್ಲ. ಕಂಪನಿ ಪಲ್ಟನ್ನಿನ ಮಾದರಿಯ ಹಾಜರಿ ಪಟ್ಟಿ, ಪಿಂಚಣಿ ಪುಸ್ತಕ ನಿರೀಕ್ಷಿಸುವಂತಿಲ್ಲ
• ಬಂಡುಕೋರನ ಹೆಸರು ಸಿಗುವ ಜಾಗ: ಎದುರಾಳಿಯ ಕಾಗದ – ಬಂಧನ ಆದೇಶ, ಸಾಕ್ಷಿ ಹೇಳಿಕೆ, ತೀರ್ಪು, ಗಡೀಪಾರು, ಆಸ್ತಿ ಜಪ್ತಿ
• ಕಂಪನಿ ಪಕ್ಷದ ಕೊಡಗಿನವರು: ದಿವಾನ್ ಅಪ್ಪಾರಂಡ ಬೋಪು, ದಿವಾನ್ ಚೆಪ್ಪುಡಿರ ಪೊನ್ನಪ್ಪ ಮೊದಲಾದವರು
• ಕೊಡಗು ಪದಕ: ಬಂಡಾಯ ಅಡಗಿಸಲು ನೆರವಾದವರಿಗೆ, ಚಿನ್ನ ಮತ್ತು ಬೆಳ್ಳಿ, ಕಲ್ಕತ್ತಾ ಟಂಕಸಾಲೆ, ಅಂಕಿತ ‘ಏಪ್ರಿಲ್ 1837’
• ಹಳೆಯ ಪೆಟ್ಟಿಗೆಯಲ್ಲಿ ಈ ಪದಕ ಸಿಕ್ಕಿದರೆ ಅಜ್ಜ ಕಂಪನಿ ಪಕ್ಷದವನಾಗಿದ್ದ ಸಾಧ್ಯತೆ; ಆದರೆ ಪದಕ ಬೇರೆ ದಾರಿಯಲ್ಲೂ ಮನೆಗೆ ಬಂದಿರಬಹುದು. ಪದಕ ಒಂದು ಸುಳಿವು ಮಾತ್ರ; ಮನೆಯ ಐತಿಹ್ಯ ಬೇರೆ ಹೇಳಿದರೆ ಕಡತ ನೋಡಿ ಖಚಿತಪಡಿಸಬೇಕು
• ಗೊಂದಲದ ಪದ: ‘ಸುಬೇದಾರ’. ಕೊಡಗಿನ ಆಡಳಿತದಲ್ಲಿ ತಾಲ್ಲೂಕು ಅಧಿಕಾರಿ. ಕಂಪನಿ ಸೈನ್ಯದಲ್ಲಿ ದೇಶೀ ಅಧಿಕಾರಿಯ ದರ್ಜೆ. ಸುಬೇದಾರ್ ಅಪ್ಪಯ್ಯ ಗೌಡರನ್ನು ಪಲ್ಟನ್ ಪಟ್ಟಿಯಲ್ಲಿ ಹುಡುಕುವುದು ವ್ಯರ್ಥ
• ಅಂಡಮಾನ್ ದಂಡನೆ ನೆಲೆಯ ಆರಂಭ 1858. 1837ರ ಗಡೀಪಾರಿನವರ ಹೆಸರು ಅಲ್ಲಿಲ್ಲ

ಯಾವ ಕಡತ ಯಾವ ಊರಿನಲ್ಲಿ

• ಮೂಲ ಸೂತ್ರ: ಕೆನರಾ – ಮದ್ರಾಸ್ ಪ್ರಾಂತ್ಯ (1799ರಿಂದ), ಕೊಡಗು – ಮೈಸೂರು ಕಮಿಷನರ್ ಮೂಲಕ ಗವರ್ನರ್ ಜನರಲ್. ಘಟನೆ ಒಂದು, ಕಡತದ ದಾರಿ ಎರಡು
• 1837ರ ಮೈಸೂರು ಕಮಿಷನರ್: ಮಾರ್ಕ್ ಕಬ್ಬನ್ (1834–1861), ಕೊಡಗಿನ ಸೂಪರಿಂಟೆಂಡೆಂಟ್: ಲೆ ಹಾರ್ಡಿ
• ತಮಿಳುನಾಡು ಪತ್ರಾಗಾರ, ಎಗ್ಮೋರ್, ಚೆನ್ನೈ: ಮದ್ರಾಸ್ ಸರ್ಕಾರದ ನ್ಯಾಯಾಂಗ, ಸೈನ್ಯ, ಕಂದಾಯ ವಿಭಾಗದ ನಡವಳಿ ಸಂಪುಟಗಳು. ಸುಳ್ಯ, ಪುತ್ತೂರು, ಕಡಬದವರಿಗೆ ಮೊದಲ ಗುರಿ ಇದೇ
• ರಾಷ್ಟ್ರೀಯ ಪತ್ರಾಗಾರ, ದೆಹಲಿ: ಸ್ಥಾಪನೆ 1891 ಮಾರ್ಚ್ 11, ಕಲ್ಕತ್ತಾ, ಕೊಡಗಿನ ಕಡತಗಳಿಗೆ, ಆನ್‌ಲೈನ್ ತಾಣ ‘ಅಭಿಲೇಖ್ ಪಟಲ್’
• ಕರ್ನಾಟಕ ರಾಜ್ಯ ಪತ್ರಾಗಾರ, ಬೆಂಗಳೂರು: 1973, ಮೈಸೂರು ಆಡಳಿತದ ಕಡತ
• ಬ್ರಿಟಿಷ್ ಲೈಬ್ರರಿ, ಲಂಡನ್: ಇಂಡಿಯಾ ಆಫೀಸ್ ದಾಖಲೆ. ‘ಪಿ’ ಶ್ರೇಣಿ ನಡವಳಿ. ‘ಎಲ್/ಎಂಐಎಲ್’ ಸೈನ್ಯ ವಿಭಾಗ. ‘ಎಫ್/4’ ಬೋರ್ಡ್ಸ್ ಕಲೆಕ್ಷನ್ಸ್, 1796–1858
• ಬಾಸೆಲ್ ಮಿಷನ್ ಪತ್ರಾಗಾರ, ಸ್ವಿಟ್ಜರ್ಲೆಂಡ್: ಮಂಗಳೂರಿಗೆ ಮಿಷನರಿಗಳ ಆಗಮನ 1834, ಬಂಡಾಯಕ್ಕೆ 3 ವರ್ಷ ಮುಂಚೆ
• ಕನ್ನಡ ಪತ್ರಿಕೆಯ ವರದಿ: ಇಲ್ಲ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’, ಹರ್ಮನ್ ಮೋಗ್ಲಿಂಗ್, 1843 ಜುಲೈ 1; ಬಂಡಾಯಕ್ಕೆ 6 ವರ್ಷ ತಡ
• ದಾರಿ ತೋರುವ ಮುದ್ರಿತ ಗ್ರಂಥ: ಮೋಗ್ಲಿಂಗ್, ‘ಕೂರ್ಗ್ ಮೆಮಾಯರ್ಸ್’ (1855), ರಿಕ್ಟರ್, ‘ಮ್ಯಾನ್ಯುಯಲ್ ಆಫ್ ಕೂರ್ಗ್’ (1870). ದೃಷ್ಟಿ ಕಂಪನಿಯ ಪರ
• ಕಾದಂಬರಿ: ನಿರಂಜನ, ‘ಕಲ್ಯಾಣಸ್ವಾಮಿ’ (ಲೇಖಕರ ಜನನ 1924, ಕುಳಕುಂದ). ಸಾಹಿತ್ಯ ಪ್ರಶ್ನೆಗೆ ಉಪಯುಕ್ತ, ವಂಶಾವಳಿಗೆ ಆಧಾರವಲ್ಲ

ಹೆಸರು, ಊರು, ವರ್ಷ

• ಮುಖ್ಯ ಕೀಲಿ: ಮನೆತನದ ಹೆಸರು. ಅಪ್ಪಯ್ಯ, ರಾಮಯ್ಯ, ಸುಬ್ಬ ಹಲವರು. ‘ಗುಡ್ಡೆಮನೆ’, ‘ಕೆದಂಬಾಡಿ’, ‘ಕುಡೆಕಲ್ಲು’ ಸೇರಿದಾಗಲೇ ಗುರುತು ಖಚಿತ
• ಗೌಡರಲ್ಲಿ ಮಕ್ಕಳ ಸಂತಾನ. ಬಂಟ, ಜೈನ ಅರಸು ಮನೆಗಳಲ್ಲಿ ಅಳಿಯ ಸಂತಾನ. ಎರಡನೆಯದರಲ್ಲಿ ಕುಟುಂಬದ ಎಳೆ ತಾಯಿಯಿಂದ. ತಂದೆಯ ಎಳೆ ಹಿಡಿದು ಹೋದರೆ ಬೇರೆ ಮನೆಗೆ ದಾರಿ. ಸಂಬಂಧಿತ ಶಾಸನ: ಮದ್ರಾಸ್ ಅಳಿಯ ಸಂತಾನ ಕಾಯ್ದೆ, 1949
• ಫಸಲಿ (ಕಂದಾಯ ವರ್ಷ) 1246 = 1836–37 (ಮದ್ರಾಸ್ ಲೆಕ್ಕ, ಜುಲೈಯಿಂದ ಜೂನ್; ಸೂತ್ರ: ಫಸಲಿ + 590)
• ಸಂವತ್ಸರ: ದುರ್ಮುಖಿಯ ಕೊನೆ, ಹೇವಿಳಂಬಿಯ ಆರಂಭ (ಶಕ 1758–59)
• ಇಂಗ್ಲಿಷ್ ಸೂಚಿಯಲ್ಲಿ ಬೆಳ್ಳಾರೆ–ಬಳ್ಳಾರಿ ಅಕ್ಷರ ಹೋಲಿಕೆ. ಜಿಲ್ಲೆ ನೋಡದೆ ಕಡತ ತರಿಸಬಾರದು
• ಪುತ್ತೂರು ತಾಲ್ಲೂಕಿನ ಹಿಂದಿನ ಹೆಸರು: ಉಪ್ಪಿನಂಗಡಿ ತಾಲ್ಲೂಕು
• ಕಡಬ ತಾಲ್ಲೂಕು: 2018; ಪುತ್ತೂರು, ಸುಳ್ಯದ ಗ್ರಾಮಗಳಿಂದ. ಸುಬ್ರಹ್ಮಣ್ಯ ಈಗ ಕಡಬಕ್ಕೆ. ಹಳೆಯ ಭೂದಾಖಲೆಯಲ್ಲಿ ಕಡಬ ತಾಲ್ಲೂಕು ಹುಡುಕುವಂತಿಲ್ಲ

ಜಮೀನೂ ಸೈನ್ಯದ ದಾಖಲೆ

• ಜಮ್ಮಾ ಹಿಡುವಳಿ: ಕೊಡಗಿನ ರಾಜರ ಕಾಲದ್ದು, ಕಡಿಮೆ ಕಂದಾಯ, ಪ್ರತಿಯಾಗಿ ದಂಡಿನ ಸೇವೆ
• ಜಮ್ಮಾ ರೈತನ ಹೆಸರು = ಸೇವೆಗೆ ಬದ್ಧನಾದವನ ಹೆಸರು; ಕರೆ ಬಂದಾಗ ಯಾವ ಪಕ್ಷ ಎಂಬುದು ಬೇರೆ ಕಡತದ ವಿಷಯ
• 1861: ಕೊಡವರಿಗೆ ಆಯುಧ ನಿಷೇಧದಿಂದ ವಿನಾಯಿತಿ, ಕಬ್ಬನ್ ಆದೇಶ
• ಕೆನರಾ ಪಾಲು: ಮೂಲವರ್ಗ (ಒಡೆತನ), ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಪತ್ರ. 1837ರ ಹಿಂದುಮುಂದಿನ ಪತ್ರಗಳಲ್ಲಿ ವರ್ಗದಾರ ಏಕಾಏಕಿ ಬದಲಾಗಿದ್ದರೆ ಜಪ್ತಿಯ ಸಾಧ್ಯತೆ. ಖಚಿತಪಡಿಸಲು ಕಂದಾಯ ವಿಭಾಗದ ನಡವಳಿ

ಸ್ಮಾರಕ, ಅಧಿಕೃತ ಪಟ್ಟಿ

• ಗುಡ್ಡೆಮನೆ ಅಪ್ಪಯ್ಯ ಗೌಡ ಪ್ರತಿಮೆ: ಮಡಿಕೇರಿ
• ಕೆದಂಬಾಡಿ ರಾಮಯ್ಯ ಗೌಡ ಕಂಚಿನ ಪ್ರತಿಮೆ: ಬಾವುಟಗುಡ್ಡ, ಮಂಗಳೂರು, ಅನಾವರಣ 2022 ನವೆಂಬರ್, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಂದ
• ಕೇಂದ್ರದ ‘ಹುತಾತ್ಮರ ಕೋಶ’: 5 ಸಂಪುಟ, ಬಿಡುಗಡೆ 2019 ಮಾರ್ಚ್, ವ್ಯಾಪ್ತಿ 1857–1947. 1837ರ ಗಲ್ಲು ಈ ವ್ಯಾಪ್ತಿಯ ಹೊರಗೆ